ಸೌಟಿನ ಎರಡು ಬಡಿತ

ದೇಹೂ ರೋಡಿನ ತಗಡಿನ ಶೆಡ್ಡಿನಲ್ಲಿ ಹನ್ನೊಂದು ವರ್ಷ ನಿಂತಿದ್ದ ಅಪ್ಪನ ಬಸ್ಸಿನ ಬಾಗಿಲನ್ನು ಭುಜ ಕೊಟ್ಟು ತಳ್ಳಿದಾಗ ಮೊದಲು ಬಂದದ್ದು ಹಳಸಿದ ಡೀಸೆಲ್ಲಿನ ವಾಸನೆ. ಅದರ ಹಿಂದೆಯೇ, ಸೆರಗು ಹಿಡಿದು ಬಂದ ಕೂಸಿನ ಹಾಗೆ, ಹುರಿದ ಶೇಂಗಾದ ತೆಳುವಾದ ವಾಸನೆ. ಅವ್ವ ಕುಟ್ಟಿದ ಚಟ್ನಿಪುಡಿ ಹಲಗೆಯ ಸಂದಿಯಲ್ಲಿ ಇನ್ನೂ ಕೂತಿತ್ತೋ, ನನ್ನ ಮೂಗೇ ಅದನ್ನು ಎಲ್ಲಿಂದಲೋ ಹುಡುಕಿ ತಂದಿತೋ, ಗೊತ್ತಿಲ್ಲ. ಬಿಟ್ಟುಬಂದ ಮನೆಯ ವಾಸನೆಯೊಂದು ನಿಮ್ಮಲ್ಲಿಯೂ ಇರುತ್ತದೆ. ನಮ್ಮ ಮನೆಗೆ ಆರು ಗಾಲಿಗಳಿದ್ದವು, ಅಷ್ಟೇ ವ್ಯತ್ಯಾಸ.

ಅಪ್ಪ ವಿಜಾಪುರದ ಕಡೆಯಿಂದ ಬಂದು ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಹೊತ್ತವನು. ಹರಾಜಿನಲ್ಲಿ ಹಳೇ ಬಸ್ಸೊಂದನ್ನು ಹಿಡಿದು, ಸೀಟು ಕಿತ್ತು, ಹಿಂದಿನ ಉದ್ದ ಸೀಟನ್ನು ಮಾತ್ರ ಉಳಿಸಿ, ನಡುವೆ ಅಡಿಗೆಕಟ್ಟೆ ಮಾಡಿಸಿದ. ತಳೇಗಾಂವದಲ್ಲಿ ಆಗ ಕಾರ್ಖಾನೆಗಳು ಏಳುತ್ತಿದ್ದವು. ಗೋಡೆ ಕಟ್ಟುವ ಜನಕ್ಕೆ ನಮ್ಮ ಬಸ್ಸಿನಿಂದ ರೊಟ್ಟಿ, ಬೇಳೆ, ಪುಂಡಿಪಲ್ಯ. ಉದ್ದ ಸೀಟಿನ ಮೇಲೆ ನಾನೂ ತಂಗಿ ಸುಶೀಲಾಳೂ ಒಂದೊಂದು ದಿಕ್ಕಿಗೆ ತಲೆ ಹಾಕಿ ಮಲಗುತ್ತಿದ್ದೆವು. ಅವ್ವ ರೊಟ್ಟಿ ಬಡಿಯತೊಡಗಿದರೆ ಕಿಟಕಿಯ ಗಾಜುಗಳು ಸಣ್ಣಗೆ ನಡುಗುತ್ತಿದ್ದವು. ನಮಗೆ ಬೆಳಗಾಗುತ್ತಿದ್ದದ್ದು ಹಾಗೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ನಾನು ಇಂಜಿನ್ನಿನ ಪಕ್ಕ ಕೂತೆ. ಇವತ್ತು ತಳೇಗಾಂವದಲ್ಲಿ ಸ್ವಂತ ಗ್ಯಾರೇಜಿದೆ. ಓದಿದ ಇಂಜಿನಿಯರುಗಳೂ ಗಾಡಿ ತಂದು ನಾನೇನು ಹೇಳುತ್ತೇನೆಂದು ಕಾಯುತ್ತಾರೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ನಾವಿನ್ನೂ ಸಣ್ಣವರಿದ್ದಾಗ ಒಮ್ಮೆ ಅಪ್ಪ ಹಿಂದೆ ನೋಡದೆ ಗಾಡಿ ಎಳೆದುಬಿಟ್ಟ. ಒಲೆಯಿಂದ ಇಳಿಸುತ್ತಿದ್ದ ಬೇಳೆಯ ಪಾತ್ರೆ ಅವ್ವನ ಕಾಲಿನ ಮೇಲೆ ಮಗುಚಿತು. ಅವಳ ಪಾದವನ್ನು ತನ್ನ ತೊಡೆಯ ಮೇಲಿಟ್ಟು ನೀರು ಸುರಿಯುತ್ತ ಅಪ್ಪ ಅತ್ತ. ಅವನು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಸುಟ್ಟದ್ದು ನನ್ನ ಕಾಲು, ಅಳಾಕ ಹತ್ತೀರಿ ನೀವು," ಎಂದು ಅವ್ವ ಹಲ್ಲು ಕಚ್ಚಿಕೊಂಡೇ ಬೈದಳು. "ಇನ್ನಮ್ಯಾಲೆ ಸೌಟ್ಲೆ ಎರಡ ಸಲ ಬಡೀತೀನಿ. ಅಲ್ಲೀತನಾ ಗೇರ್ ಮುಟ್ಟಬ್ಯಾಡ್ರಿ." ಅಂದಿನಿಂದ ಪಾತ್ರೆಗಳನ್ನೆಲ್ಲ ಬಿಗಿದು ಕಟ್ಟಿ, ಅಡಿಗೆಕಟ್ಟೆಯ ತಗಡಿಗೆ ಅವಳು ಎರಡು ಸಲ ಸೌಟು ಬಡಿದ ಮೇಲೆಯೇ ಬಸ್ಸು ಕದಲುತ್ತಿತ್ತು. ಹಿಂದಿನ ಲಾರಿಯವರು ಹಾರ್ನ್ ಒತ್ತಿ ಬೈದರೂ ಅಪ್ಪ ಸ್ಟೇರಿಂಗಿನ ಮೇಲೆ ಕೈಯಿಟ್ಟು ಕೂತೇ ಇರುತ್ತಿದ್ದ. "ಆತೇನ ನಿನ್ನ ಮುಹೂರ್ತ?" ಎಂದು ಕೂಗುತ್ತಿದ್ದ. "ತಡೀರಿ, ನಿಮ್ಮ ಇಂಜಿನ್ನಿಗಿಂತ ನನ್ನ ಬ್ಯಾಳಿ ದೊಡ್ಡದದ," ಎನ್ನುತ್ತಿದ್ದಳು ಅವಳು. ಪಾತ್ರೆಯೇ ಇಲ್ಲದ ದಿನವೂ ಅವನು ಆ ಸದ್ದಿಗೆ ಕಾಯುತ್ತಿದ್ದ.

ನಾವು ಬೇರೆ ಬೇರೆ ಮನೆ ಮಾಡಿದ ಮೇಲೂ ಅವರಿಬ್ಬರು ಬಸ್ಸು ಬಿಡಲಿಲ್ಲ. ಅವ್ವ ಜ್ವರದಲ್ಲಿ ತೀರಿಕೊಂಡ ತಿಂಗಳಿಗೇ ಅಪ್ಪ ಅದನ್ನು ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿಕೊಂಡು ಬಂದು ಈ ಶೆಡ್ಡಿನಲ್ಲಿ ನಿಲ್ಲಿಸಿದ. "ಇಂಜಿನ್ ಹೋಗೇದ," ಎಂದ. ನಾನು ನೋಡುತ್ತೇನೆ ಎಂದರೆ, "ನಿನ್ನ ಕೈಲೆ ಆಗೂದಲ್ಲ, ಬಿಡು," ಎಂದ. ನೂರಾರು ಇಂಜಿನ್ ಎಬ್ಬಿಸಿದ ಕೈಗೆ ಆ ಮಾತು! ಸಿಟ್ಟಿನಿಂದ, ಅವನು ಬದುಕಿರುವತನಕ ನಾನು ಶೆಡ್ಡಿನ ಕಡೆ ತಲೆ ಹಾಕಲಿಲ್ಲ. ಹೋದ ವರ್ಷ ಅವನೂ ತೀರಿಕೊಂಡ.

ಈಗ ಶೆಡ್ಡು ಕೆಡವುತ್ತಿದ್ದರು. ಸಂಜೆಯೊಳಗೆ ಬಸ್ಸು ತನ್ನ ಗಾಲಿಯ ಮೇಲೆ ಹೊರಬಿದ್ದರೆ ನನ್ನ ಗ್ಯಾರೇಜಿಗೆ, ಇಲ್ಲವಾದರೆ ಅಲ್ಲೇ ತುಂಡು ತುಂಡು. ಗ್ಯಾಸ್ ಕಟರ್ ಇಟ್ಟುಕೊಂಡು ಕೂತಿದ್ದ ಗುಜರಿಯವನು, "ಕಾಕಾ, ಹೀ ಉಠಣಾರ್ ನಾಹೀ," ಇದು ಏಳೋದಿಲ್ಲ ಎಂದು ನಗುತ್ತಿದ್ದ. ನಾಲ್ಕು ದಿನದಿಂದ ನಾನು ಹಳಸಿದ ಡೀಸೆಲ್ ಚೆಲ್ಲಿ, ಇಲಿಗೂಡು ತೆಗೆದು, ಬಿಗಿದುಕೂತ ಬ್ರೇಕು ಬಿಡಿಸಿ, ಟೈರು, ಬ್ಯಾಟರಿ ಬದಲಿಸಿ, ಹೊಸ ಡೀಸೆಲ್ ತುಂಬಿ, ಅದರ ಕೊಳವೆಯೊಳಗಿನ ಗಾಳಿಯನ್ನು ಹೊರಗೆ ಬಿಟ್ಟಿದ್ದೆ. ಆದರೆ ಹೋದ ಇಂಜಿನ್ನಿನಲ್ಲಿ ಹೋದದ್ದೇನೆಂದು ಮಾತ್ರ ಸಿಗಲೊಲ್ಲದು. ಆಯಿಲ್ ತೆಗೆದು ನೋಡಿದರೆ ಜೇನಿನಂತೆ ತಿಳಿ. ನಿಲ್ಲಿಸುವ ಮೊದಲು ಅಪ್ಪ ಹೊಸದು ಸುರಿದಿದ್ದ. ಸೈಲೆನ್ಸರಿನ ಬಾಯಿಗೆ ಅವ್ವನ ಹಳೇ ಸೀರೆಯ ತುಂಡನ್ನು ಮಡಚಿ ತುರುಕಿದ್ದ, ಒಳಗೆ ತೇವ ಹೋಗದಂತೆ.

ಮೂರನೆಯ ಸಲಕ್ಕೆ ಇಂಜಿನ್ ಎದ್ದಿತು. ಕರೀ ಹೊಗೆ ಕಾರಿ, ಎರಡು ಸಲ ಕೆಮ್ಮಿ, ಆಮೇಲೆ ಒಂದೇ ಸಮನೆ ನಡೆಯಿತು. ನಾನು ಕಿವಿಗೊಟ್ಟು ಕೇಳಿದೆ. ಒಂದು ಅಪಸ್ವರವಿಲ್ಲ. ಬಸ್ಸು ನೋಡಲೆಂದು ಬಂದು ಮೆಟ್ಟಿಲ ಮೇಲೆ ನಿಂತಿದ್ದ ಸುಶೀಲಾ ಮೆಲ್ಲಗೆ ಕೇಳಿದಳು: "ಅಣ್ಣಾ, ಇದಕ್ಕೇನೂ ಆಗಿರಲೇ ಇಲ್ಲೇನೋ?"

ಕ್ಲಚ್ಚು ಒತ್ತಿದೆ. ಕೈ ಗೇರಿನ ಮೇಲಿತ್ತು, ಆದರೆ ಮುಂದೆ ಸರಿಯಲಿಲ್ಲ. ಹೊರಗಿನಿಂದ ಗುಜರಿಯವನು, "ಚಲಾ ಕಾಕಾ, ಕಾಯ್ ಝಾಲಂ?" ಹೊರಡಿ, ಏನಾಯ್ತು ಎಂದು ಕೂಗಿದ. ನಾನು ಕೂತೇ ಇದ್ದೆ. ಸುಶೀಲಾ ನನ್ನ ಮುಖ ನೋಡಿ, ಹಿಂದೆ ಅಡಿಗೆಕಟ್ಟೆಯ ಹತ್ತಿರ ಹೋದಳು. ಸೌಟು ಎಲ್ಲಿಂದ ಬರಬೇಕು? ನೆಲದ ಮೇಲೆ ಬಿದ್ದಿದ್ದ, ನಟ್ಟು ಬಿಚ್ಚುವ ನನ್ನ ಪಾನಾ ಎತ್ತಿಕೊಂಡು ತಗಡಿಗೆ ಎರಡು ಸಲ ಬಡಿದಳು.

ಬಸ್ಸು ಬಿಸಿಲಿಗೆ ಬಂತು. ಹಿಂದೆ ಕಪಾಟುಗಳೆಲ್ಲ ಖಾಲಿ. ಆದರೂ ರಸ್ತೆಗೆ ಹೊರಳುವಾಗ, ಬೇಳೆ ತುಳುಕದ ಹಾಗೆ, ಅಪ್ಪ ಹೊರಳಿಸುತ್ತಿದ್ದಷ್ಟೇ ನಿಧಾನಕ್ಕೆ ಹೊರಳಿಸಿದೆ.