ಕುರಿಗೂ ವರಿಗೂ ಇರುವ ನಂಟು

ಚಿತ್ರದುರ್ಗದಲ್ಲಿ ಯಾರ ಮುಂದೆ ನನ್ನ ಚಿಂತೆ ಬಿಚ್ಚಿದರೂ ಸಿಗುವ ಔಷಧಿ ಒಂದೇ: ‘ವರಿ ಮಾಡ್ಕಬ್ಯಾಡ್ರಿ ಸಾರ್.’ ಬಸ್ ಕಂಡಕ್ಟರು, ಕಟಿಂಗ್ ಶಾಪಿನವರು, ಹಲ್ಲಿನ ಡಾಕ್ಟರು, ಎಲ್ಲರೂ ಅದನ್ನೇ ಕೊಡುತ್ತಾರೆ. ನನಗೆ ನಿಜವಾದ ವರಿ ಶುರುವಾಗುವುದೇ ಆಗ. ನನಗೆ ಗೊತ್ತಿಲ್ಲದ್ದೇನೋ ಇವರಿಗೆ ಗೊತ್ತಿರಬೇಕಲ್ಲ!

ಒಂದು ದಿನ ತಡೆಯಲಾರದೆ ನಿಘಂಟು ತೆಗೆದೆ. ಹಳೆಯ ಇಂಗ್ಲಿಷಿನಲ್ಲಿ ವರಿ ಎಂದರೆ ಕುತ್ತಿಗೆ ಹಿಸುಕುವುದು. ಆಮೇಲೆ ನಾಯಿ, ತೋಳಗಳು ಕುರಿಯ ಗಂಟಲಿಗೆ ಬಾಯಿ ಹಾಕಿ ಅಲ್ಲಾಡಿಸುವುದಕ್ಕೆ ಆ ಹೆಸರಾಯಿತು. ಬಹಳ ಕಾಲದ ನಂತರ ಅದು ಕುರಿಯನ್ನು ಬಿಟ್ಟು ಮನುಷ್ಯನ ಮನಸ್ಸಿಗೆ ಬಾಯಿ ಹಾಕಿತಂತೆ. ಓದಿ ಖುಷಿಯಾಯಿತು. ಹೇಳೋಣವೆಂದರೆ ಮನೆಯಲ್ಲಿ ಯಾರಿದ್ದಾರೆ? ಹೆಂಡತಿ ತೀರಿಕೊಂಡು ನಾಲ್ಕು ವರ್ಷ. ಅವಳಿದ್ದಾಗ ನನ್ನ ಚಿಂತೆಗಳಲ್ಲಿ ಅರ್ಧವನ್ನು ಅಲ್ಲಲ್ಲೇ ನಕ್ಕು ವಜಾ ಮಾಡುತ್ತಿದ್ದಳು.

ತುರುವನೂರಿನಲ್ಲಿರುವ ಅಕ್ಕ ಪ್ರತಿ ಭಾನುವಾರ ಊಟಕ್ಕೆ ಕರೆಯುತ್ತಾಳೆ. ನಾನು ಪ್ರತಿ ಭಾನುವಾರ ಬೀಗವನ್ನು ಮೂರು ಸಲ ಜಗ್ಗಿ ನೋಡಿ, ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಅನುಮಾನ ಬಂದು ವಾಪಸಾಗುತ್ತೇನೆ. ‘ಈ ಸಲನೂ ಬರ್ಲಿಲ್ಲ ಅಂದ್ರೆ ಇನ್ನ ಕರೆಯಲ್ಲ ಕಣಲೇ’ ಎಂದು ಕಳೆದ ವಾರ ಫೋನಿನಲ್ಲಿ ಹೇಳಿಬಿಟ್ಟಳು. ಧೈರ್ಯ ಮಾಡಿ ಬಸ್ ಹತ್ತಿದೆ. ಅರ್ಧ ದಾರಿಯಲ್ಲಿ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಅನುಮಾನ ಹತ್ತಿ ಇಳಿದುಬಿಟ್ಟೆ.

ರಸ್ತೆ ಪಕ್ಕ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ಇಲ್ಯಾಕೆ ಇಳಿದಿರಿ ಎಂದು ವಿಚಾರಿಸಿದರು. ಹೇಳಿದೆ.

‘ಮನಿಗೆ ಫೋನ್ ಮಾಡಿ ಕೇಳ್ರಿ.’

‘ಮನೇಲಿ ಯಾರೂ ಇಲ್ಲ.’

ಮುಂದಿನ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಅವರಿಗೆ ನಿಘಂಟಿನ ಕತೆ ಒಪ್ಪಿಸಿದೆ.

‘ಇಂಗ್ಲಿಷ್ನೋರೂ ಕುರಿ ಕಾಯ್ತಿದ್ರಾ!’ ಎಂದು ನಕ್ಕರು. ‘ಆದ್ರೆ ತ್ವಾಳ ಹಿಂಡಿನ ನಡುವಕ್ಕೆ ಬಾಯಿ ಹಾಕಲ್ಲ ಸಾರ್. ಹಿಂದೆ ಉಳ್ದು ಒಂಟಿ ನಿಂತಿರ್ತೈತಲ್ಲ, ಅದನ್ನೇ ಹಿಡಿಯೋದು. ನಿಮ್ಮ ಹಿಂಡು ಯಾವ ಕಡೆ ಐತೆ?’

ನಾನು ತುರುವನೂರಿನ ಕಡೆ ಕೈ ತೋರಿಸಿದೆ.

‘ಮತ್ಯಾಕೆ ದುರ್ಗದ ಕಡೆ ಮುಖ ಮಾಡ್ಕಂಡು ನಿಂತೀರಿ?’

ಮುಂದಿನ ಬಸ್ಸಿಗೆ ಕೈ ಅಡ್ಡ ಹಿಡಿದೆ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ‘ಎಷ್ಟೊತ್ತಲೇ! ನಂಗೆಷ್ಟು ವರಿ ಆಗಿತ್ತು ಗೊತ್ತಾ?’

ನಾಲ್ಕು ವರ್ಷದಿಂದ ನನ್ನ ಬಗ್ಗೆ ವರಿ ಮಾಡುವ ಕೆಲಸವನ್ನೂ ನಾನೊಬ್ಬನೇ ನೋಡಿಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದೆ. ಗಂಟಲು ಕಟ್ಟಿತು. ನಿಘಂಟು ಸುಳ್ಳು ಹೇಳಿರಲಿಲ್ಲ.

ಎರಡನೇ ಮುದ್ದೆ ಮುರಿಯುವಾಗ ನೆನಪಾಯಿತು: ಸಿಲಿಂಡರ್ ಶುಕ್ರವಾರವೇ ಖಾಲಿಯಾಗಿದೆ, ಅಲ್ಲಿಂದೀಚೆಗೆ ನಾನು ಹೋಟೆಲಿನಲ್ಲೇ ತಿನ್ನುತ್ತಿದ್ದೇನೆ. ಅಕ್ಕನಿಗೆ ಹೇಳಿದೆ. ಸಾರಿನ ಸೌಟು ಹಿಡಿದುಕೊಂಡೇ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆ ಚಿಂತೆಯನ್ನು ಅಲ್ಲೇ ವಜಾ ಮಾಡಿದಳು.