ಹಾಫ್ ಟೈಮಿನ ಕುರ್ಚಿ

ಇಂಗ್ಲೆಂಡಿನ ಹಾರ್ಬೋರ್ನ್ ಹತ್ತಿರದ ನಮ್ಮ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಸ್ಪೇನಿನ ನರ್ಸ್ ಪಾಕೋ ತನ್ನೂರಿನ ಫುಟ್‌ಬಾಲ್ ಮ್ಯಾಚ್ ಕೇಳುತ್ತಿದ್ದ. ಟಿವಿಯವರು ತಿರುಗಿಯೂ ನೋಡದ ಪ್ರಾಂತೀಯ ಲೀಗು. ಮೈದಾನದಿಂದ ಅವನ ಅಕ್ಕನೇ ಫೋನಿನಲ್ಲಿ ಕಾಮೆಂಟ್ರಿ ಹೇಳುತ್ತಿದ್ದಳು. ಹಾಫ್ ಟೈಮ್ ಆದದ್ದೇ ಅವನು ಕಪ್ ಎತ್ತಿಕೊಂಡು ಟೇಬಲ್ಲಿನ ಆಚೆ ಬದಿಗೆ ಹೋಗಿ ಕೂತ.

“ನಮ್ಮೂರಲ್ಲಿ ಹೀಗೇ. ಹಾಫ್ ಟೈಮಿಗೆ ಕಡೆ ಬದಲಾದಾಗ ನಮ್ಮ ಟೀಮು ಯಾವ ಕಡೆ ಗೋಲು ಹೊಡೀಬೇಕೋ, ನಾವೂ ಆ ಕಡೆ ಹೋಗ್ತೀವಿ.”

ಮೈಸೂರಿನ ನಮ್ಮನೆಯಲ್ಲಿ ರೇಡಿಯೋದಲ್ಲಿ ಕ್ರಿಕೆಟ್ ಬರುವಾಗ ಅಪ್ಪ ಯಾರನ್ನೂ ಕೂತಲ್ಲಿಂದ ಏಳಗೊಡುತ್ತಿರಲಿಲ್ಲ, ಎದ್ದರೆ ವಿಕೆಟ್ ಬೀಳುತ್ತದೆಂದು ಗದರುತ್ತಿದ್ದರು ಎಂದೆ.

ಆಟ ಮತ್ತೆ ಶುರುವಾಗಿ ಅವನ ಟೀಮು ಗೋಲು ಹೊಡೆಯಿತು. ನಾನು ಟೀ ತರಲು ಎದ್ದೆ.

“ಕೂತ್ಕೊಳ್ಳಿ ಡಾಕ್ಟ್ರೇ,” ಪಾಕೋ ಗದರಿದ.

ಅಪ್ಪ ಹೋದಮೇಲೆ ನನ್ನನ್ನು ಹೀಗೆ ಕೂರಿಸಿದವನು ಇವನೊಬ್ಬನೇ. ಟೀ ತರಲು ತಾನೇ ಎದ್ದ, ಅವನೂರಿನವರು ಓಡಾಡಬಹುದಂತೆ.