ಕಲ್ ಅಂದರೆ ಕಲ್ಲಲ್ಲ

ನಿಜಾಮರ ಕಾಲ. ನನಗಾಗ ಹದಿನಾರು. ಕಲ್ಯಾಣದ ಕೋಟೆ ಹಿಂದಿನ ಓಣಿಯಿಂದ ಅಪ್ಪ ನನ್ನನ್ನು ಹುಮನಾಬಾದಿನ ದವಾಖಾನೆಗೆ ಕರೆದುಕೊಂಡು ಹೋಗಿದ್ದ. ಅಲ್ಲಿಯ ಡಾಕ್ಟರಮ್ಮ ಒಂದು ಶಿಫಾರಸು ಚೀಟಿ ಬರೆದುಕೊಟ್ಟರೆ ನಾನು ಹೈದರಾಬಾದಿಗೆ ಡಾಕ್ಟರಿಕೆ ಓದಲು ಹೋಗಬಹುದಿತ್ತು. ಕೊಡದಿದ್ದರೆ ಬರುವ ಸೋಮವಾರ ಗಂಡಿನ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು.

ಡಾಕ್ಟರಮ್ಮನಿಗೆ ಕನ್ನಡ ಬಾರದು. ನಾನು ಕಲಿತದ್ದು ಉರ್ದು ಶಾಲೆಯಲ್ಲಿ. "ಪಕ್ಕದಲ್ಲಿ ನಿಂತು ನೋಡು, ಬಾಯಿ ಬಿಡಬೇಡ," ಎಂದು ಉರ್ದುವಿನಲ್ಲಿ ಗದರಿದರು. ಹೊರಗೆ ಬೇವಿನ ಮರದ ಕೆಳಗೆ ಅಪ್ಪ ಕಾಯುತ್ತ ಕೂತಿದ್ದ.

ಪಕ್ಕದ ರಾಜೇಶ್ವರ ಊರಿನ ಮುದುಕಿಯೊಬ್ಬಳು ಹೊಟ್ಟೆ ಹಿಡಿದುಕೊಂಡು ಬಂದಳು. ಡಾಕ್ಟರಮ್ಮ ಅವಳ ಹೊಟ್ಟೆ ಒತ್ತಿ ನೋಡಿ, ಔಷಧ ಕೊಟ್ಟು, "ಕಲ್ ಆನಾ" ಅಂದರು. ನಾಳೆ ಬಾ ಅಂತ.

ಮುದುಕಿಯ ಮುಖ ಬಿಳಿಚಿಕೊಂಡಿತು. "ಕಲ್ಲಾ? ಯವ್ವಾ, ಹೊಟ್ಟ್ಯಾಗ ಕಲ್ಲ ಅದಂತ! ನನಗ ಕೊಯ್ತಾರ!" ಎನ್ನುತ್ತ ಬಾಗಿಲಿಗೆ ಓಡಿದಳು.

ಬಾಯಿ ಬಿಟ್ಟರೆ ನನ್ನ ಚೀಟಿ ಹೋಗುತ್ತದೆ, ಬಿಡದಿದ್ದರೆ ಮುದುಕಿ ಹೋಗುತ್ತಾಳೆ. ಓಡಿ ಅವಳ ಸೆರಗು ಹಿಡಿದೆ. "ಆಯಿ, ಕಲ್ಲೂ ಇಲ್ಲ ಏನೂ ಇಲ್ಲ! ನಾಳಿ ಬಾ ಅನ್ನಾಕತ್ತಾರ!"

ಆಮೇಲೆ ಡಾಕ್ಟರಮ್ಮನಿಗೆ ಹೇಳಿದೆ, ನಮ್ಮ ಭಾಷೆಯಲ್ಲಿ ಕಲ್ಲು ಅಂದರೆ ಪತ್ಥರ್ ಎಂದು. ಅವರು ನಗಲಿಲ್ಲ. "ಎರಡು ವರ್ಷದಿಂದ ನನ್ನ ರೋಗಿಗಳು ಮರುದಿನ ಬಾರದೇ ಇದ್ದದ್ದು ಇದಕ್ಕಾ?" ಎನ್ನುತ್ತ ಚೀಟಿ ಬರೆಯಲು ಕೂತರು.

ಮುಂದೆ ನಾನೂ ಡಾಕ್ಟರಾದೆ. ಅಚ್ಚ ಕನ್ನಡದಲ್ಲೇ "ನಾಳಿ ಬರ್ರಿ" ಅಂತೀನಿ. ಆದರೂ ಒಬ್ಬರೂ ಬರೋದಿಲ್ಲ.